ಗೇಜ್ ರೂಮಿನ ಡಿಸ್ಕು

ನಮ್ಮ ಫೋರ್‌ಮನ್ನರ ಎಡಗೈ ತೋರುಬೆರಳಿಗೆ ಉಗುರಿರಲಿಲ್ಲ; ಎಂದೋ ಪ್ರೆಸ್ಸಿನ ಬಾಯಿಗೆ ಸಿಕ್ಕಿ ಹೋಗಿತ್ತು. ಅದೇ ಕೈಯಲ್ಲಿ ಅವರು ಊಟದ ತಟ್ಟೆಯಷ್ಟು ಅಗಲದ, ಕನ್ನಡಿಯಂತೆ ಹೊಳೆಯುವ ಸಿನಿಮಾ ಡಿಸ್ಕನ್ನು ಅಂಚಿನಲ್ಲಷ್ಟೇ ಹಿಡಿದು ಎತ್ತುವುದನ್ನು ನೋಡಬೇಕಿತ್ತು. ಹಸುಗೂಸನ್ನೂ ಯಾರೂ ಅಷ್ಟು ನಾಜೂಕಾಗಿ ಎತ್ತಲಾರರು.

ಎಂಬತ್ತರ ದಶಕದ ನಡುವೆ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಾಲಿನ ದೋಷ ಹುಡುಕುವ ಇನ್ಸ್ಪೆಕ್ಷನ್ ವಿಭಾಗಕ್ಕೆ ಸೇರಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾನು ಸೇರುವ ಮೊದಲೇ ಫೋರ್‌ಮನ್ನರು ಟ್ರೈನಿಂಗಿಗೆಂದು ಜಪಾನಿಗೆ ಹೋಗಿ ಬಂದಿದ್ದರು. ಜೊತೆಗೆ ಹೋದವರು ಟೇಪ್ ರೆಕಾರ್ಡರು, ಸೀರೆ ತಂದರೆ, ಈ ಮಹಾನುಭಾವರು ಡಿಸ್ಕ್ ಪ್ಲೇಯರು, ಅದಕ್ಕೆ ಹೊಂದುವ ಟಿವಿ, ಏಳು ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾಗಳನ್ನು ಹೊತ್ತು ತಂದರು. ಆಮೇಲೆ ಯಾರೇ ಜಪಾನಿಗೆ ಹೊರಡಲಿ, ಬೇಕಾದ ಸಿನಿಮಾದ ಹೆಸರು ಬರೆದ ಚೀಟಿಯೊಂದು ಹೊರಟವರ ಜೇಬು ಸೇರುತ್ತಿತ್ತು. ಹಾಗೆ ಒಟ್ಟು ಕೂಡಿದವು ಹತ್ತೊಂಬತ್ತು ಡಿಸ್ಕು.

ಭಾನುವಾರ ಮಧ್ಯಾಹ್ನ ದಾಸರಹಳ್ಳಿಯ ಅವರ ಮನೆಯಲ್ಲಿ ನಮಗೆಲ್ಲ ಸಿನಿಮಾ. ಮಾತು ಅರ್ಥವಾಗದಲ್ಲಿ ಅವರೇ ಕನ್ನಡದಲ್ಲಿ ಹೇಳುತ್ತಿದ್ದರು. ಒಂದು ಮಗ್ಗುಲು ಮುಗಿದರೆ ಡಿಸ್ಕನ್ನು ಮಗುಚಿ ಹಾಕಬೇಕು. ಆ ಬಿಡುವಿನಲ್ಲಿ ಅವರ ಹೆಂಡತಿ ಕಾಫಿ ಕೊಡುತ್ತಿದ್ದರು. ಇವರು, ಮುಂದೇನಾಗಬಹುದು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ನಾನೋ ಬಾಯಿಬಡಕಿ. ನನ್ನ ಸರದಿ ಬಂತೆಂದರೆ ಉಳಿದವರ ಕಾಫಿ ಆರಿ ಹೋಗುತ್ತಿತ್ತು.

ಬೇಸಿಗೆಯಲ್ಲಿ ಅವರ ಶೀಟಿನ ಮನೆ ಕಾದ ಕಾವಲಿ. ಡಿಸ್ಕುಗಳು ಸೊಟ್ಟಗಾದಾವೆಂದು, ಮ್ಯಾನೇಜರನ್ನು ಒಪ್ಪಿಸಿ ನಮ್ಮ ಗೇಜ್ ರೂಮಿನಲ್ಲಿ ಇಟ್ಟರು. ಅಳತೆಯ ಗೇಜುಗಳು ಹಿಗ್ಗದಂತೆ ಸದಾ ತಣ್ಣಗಿಡುತ್ತಿದ್ದ ಆ ಕೋಣೆ ನನ್ನ ಸುಪರ್ದಿಯಲ್ಲಿತ್ತು. ಶನಿವಾರ ಶನಿವಾರ ಗೇಜುಗಳ ಬೆರಳಚ್ಚನ್ನು ಪೆಟ್ರೋಲಿನಲ್ಲಿ ಒರೆಸಿ, ತುಕ್ಕು ಹಿಡಿಯದಂತೆ ವ್ಯಾಸಲೀನ್ ಸವರುವುದು ಪದ್ಧತಿ. ಒಂದು ಶನಿವಾರ ಡಿಸ್ಕೊಂದರ ಒಂದು ಮಗ್ಗುಲ ಮೇಲೂ ಬೆರಳಚ್ಚು ಕಂಡಿತು. ಭೇಷ್ ಅನ್ನಿಸಿಕೊಳ್ಳುವ ಚಪಲ ನೋಡಿ, ಅದನ್ನೂ ಪೆಟ್ರೋಲಿನಲ್ಲಿ ಒರೆಸಿದೆ. ಕನ್ನಡಿಯಂತಿದ್ದ ಮಗ್ಗುಲು ಮಂಜು ಮಂಜಾಯಿತು. ಗಾಬರಿಯಲ್ಲಿ ವ್ಯಾಸಲೀನ್ ಬೇರೆ ಸವರಿ, ಮತ್ತೆ ಒರೆಸಿ, ಕವರಿಗೆ ತುರುಕಿಟ್ಟೆ. ಕೆಲಸ ಹೋಯಿತೆಂದೇ ಎಣಿಸಿದೆ. ಯಾರಿಗೂ ಹೇಳಲಿಲ್ಲ.

ಸಂಜೆ ಅವರು ಮನೆಗೊಯ್ದು ಮರುದಿನ ಅದನ್ನೇ ಹಾಕಬೇಕೆ? ಮೊದಲ ಮಗ್ಗುಲು ಸರಿಯಾಗೇ ಓಡಿತು. ಹೊಲಿಗೆ ಅಂಗಡಿಯ ಹುಡುಗಿಯೊಬ್ಬಳು ಮದುಮಗಳ ಉಡುಪನ್ನು ಇಸ್ತ್ರಿಯಲ್ಲಿ ಸುಟ್ಟು, ಬಚ್ಚಿಟ್ಟು ಒದ್ದಾಡುವ ಕಥೆ. ಮುಂದೇನಾಗಬಹುದೆಂದು ಕೇಳಿದರೆ ಗೊತ್ತಿಲ್ಲ ಅಂದೆ. ಕಿಟಕಿ ಮುಚ್ಚಿದ ಕೋಣೆಯ ಮಬ್ಬಿನಲ್ಲಿ ಡಿಸ್ಕು ಮಗುಚಿದ ಮೇಲೆ ಪರದೆಯ ತುಂಬ ಬರೀ ಚುಕ್ಕಿ. ಡಿಸ್ಕಿನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ, ನನ್ನ ಕೋಣೆಯಲ್ಲಿದ್ದದ್ದಲ್ಲವೇ? ಪ್ಲೇಯರು ಕೆಟ್ಟಿತು, ಈ ಊರಲ್ಲಿ ಇದನ್ನು ರಿಪೇರಿ ಮಾಡುವವರಿಲ್ಲ ಎನ್ನುತ್ತಾ ಸ್ಕ್ರೂ ಬಿಚ್ಚತೊಡಗಿದರು. ಆ ಮುಖ ನೋಡಲಾಗಲಿಲ್ಲ.

"ಸಾರ್, ಪ್ಲೇಯರ್ ಚೆನ್ನಾಗಿದೆ. ನಾನೇ ನಿನ್ನೆ ಡಿಸ್ಕ್‌ನ ಪೆಟ್ರೋಲಲ್ಲಿ ಒರೆಸ್ಬಿಟ್ಟೆ," ಅಂದೆ.

ಅವರು ಕಿಟಕಿ ತೆರೆದು ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದರು.

"ಹೋದ್ರೆ ಹೋಗ್ಲಿ ಕಣಮ್ಮ. ಆದ್ರೆ ನಿನ್ನೆ ಕಂಡ ರಿಜೆಕ್ಟ್ ಮಾಲನ್ನ ಇವತ್ತು ಹೇಳ್ತಾರಾ? ಇನ್ಸ್ಪೆಕ್ಷನ್ನೋಳು ನೀನು."

ಇಷ್ಟೇ. ಬೈದಿದ್ದರೆ ವಾಸಿಯಿತ್ತು.

ಕಥೆ ಅರ್ಧಕ್ಕೇ ನಿಂತಿತಲ್ಲ ಎಂದು ಯಾರೋ ಗೊಣಗಿದರು. ಅವರು ಟಿವಿ ಆರಿಸಿ, ಅದರ ಮುಂದೆ ನಿಂತು ಉಳಿದದ್ದನ್ನು ಬಾಯಲ್ಲೇ ಹೇಳಿದರು. ಹುಡುಗಿ ತಾನೇ ಹೋಗಿ ತಪ್ಪೊಪ್ಪಿಕೊಳ್ಳುತ್ತಾಳೆ. ಯಜಮಾನಿ ಅವಳ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಾಳೆ. ಇಬ್ಬರೂ ಸೇರಿ ಉಡುಪನ್ನು ಸರಿಮಾಡುತ್ತಾರೆ. ಹುಡುಗಿ ಅದೇ ಅಂಗಡಿಯಲ್ಲಿ ಉಳಿಯುತ್ತಾಳೆ. ಹೇಳುವಾಗ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಕೆಲವು ತಿಂಗಳಲ್ಲಿ ಅವರದೇ ಶಿಫಾರಸಿನ ಮೇಲೆ ನನ್ನ ಕೆಲಸ ಖಾಯಂ ಆಯಿತು. ನಿವೃತ್ತಿಯವರೆಗೂ ಅದೇ ಗೇಜ್ ರೂಮಿನಲ್ಲಿದ್ದೆ. ಕಂಡ ದೋಷವನ್ನು ಕಂಡ ದಿನವೇ ಬರೆದೆ.

ಅವರು ತೀರಿಕೊಂಡು ಮೂರು ವರ್ಷವಾದ ಮೇಲೆ, ಒಂದು ಮಧ್ಯಾಹ್ನ ಟಿವಿಯಲ್ಲಿ ಆ ಸಿನಿಮಾ ಬಂತು. ಕೊನೆಯವರೆಗೂ ಕೂತು ನೋಡಿದೆ. ಹುಡುಗಿ ತಪ್ಪೊಪ್ಪಿಕೊಳ್ಳುತ್ತಾಳೆ. ಯಜಮಾನಿ ಅವಳ ಪೆಟ್ಟಿಗೆಯನ್ನು ಬೀದಿಗೆಸೆದು ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ಮುಗಿಯಿತು. ನಾನು ಮನೆಯವರೆಲ್ಲರ ಎದುರು ಅತ್ತುಬಿಟ್ಟೆ. ಹತ್ತಾರು ಸಲ ನೋಡಿದ ಸಿನಿಮಾದ ಕೊನೆಯನ್ನು ಅವರು ಮರೆತಿರಲು ಸಾಧ್ಯವೇ ಇಲ್ಲ.