ಸೊನ್ನೆ ಬಿದ್ದ ಕೆರೆ

ಕೆರೆಗಳಿಗೆ ಬೆಲೆ ಕಟ್ಟುವ ಸರ್ವೆಯೊಂದರಲ್ಲಿ ನಾನೂ ಕೆಲಸ ಮಾಡಿದ್ದೇನೆ. ಆಗ ಪಾಂಡವಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ರಜೆಯಲ್ಲಿ ಅತಿಥಿಗಳಿಗೆ ಸಂಬಳ ಇರುವುದಿಲ್ಲ. ಹಾಗಾಗಿ ಟ್ಯಾಬು ಹಿಡಿದು ನಾಗಮಂಗಲದ ಕಡೆಯ ಹಳ್ಳಿಗಳಿಗೆ ಹೊರಟೆ. ಯಾವ ಕೆರೆಗೆ ಜನ ಹೆಚ್ಚು ಬೆಲೆ ಕೊಡುತ್ತಾರೋ ಅದಕ್ಕೆ ಮೊದಲು ರಿಪೇರಿ ಎಂಬುದು ಯೋಜನೆ. ಅದನ್ನು ರೂಪಿಸಿದವರು ಬೆಂಗಳೂರಿನ ಒಬ್ಬ ಪಿಎಚ್‌.ಡಿ. ಸಾಹೇಬರು. ಕೆರೆಯ ಏರಿ ಯಾವುದು, ಗದ್ದೆಯ ಬದು ಯಾವುದು ಎಂದು ತಿಳಿಯದ ಮಹಾನುಭಾವರು.

ಅವರ ಪ್ರಶ್ನೆಯಂತೂ ಕೇಳಬೇಕು: ‘ಸದರಿ ಜಲಮೂಲದ ಅಸ್ತಿತ್ವಕ್ಕಾಗಿ ತಮ್ಮ ಕುಟುಂಬವು ಮಾಸಿಕ ಎಷ್ಟು ಮೊತ್ತ ಪಾವತಿಸಲು ಸಿದ್ಧವಿದೆ?’ ಒಂದಕ್ಷರ ಬದಲಾಯಿಸದೆ ಓದಬೇಕಂತೆ. ಜಗಲಿಯ ಮೇಲೆ ರಾಗಿ ಕೇರುತ್ತಿದ್ದ ಅಜ್ಜಿಯೊಬ್ಬರ ಮುಂದೆ ನಿಂತು ಅದನ್ನು ಓದಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅಜ್ಜಿ ಮೊರ ಕೆಳಗಿಟ್ಟರು. “ಕೆರೆ ನಮ್ದೇ ಕಣಪ್ಪ. ನಮ್ ಕೆರೆಗೆ ನಾವ್ಯಾಕೆ ತಿಂಗ್ಳು ತಿಂಗ್ಳು ದುಡ್ಡು ಕಟ್ಟಾನ?”

“ಕೆರೆ ಉಳೀಬೇಕು ಅಂದ್ರೆ ನೀವೇನು ಕೊಡ್ತೀರಿ ಅಂತ, ಅಜ್ಜಿ.”

“ಅಂಗನ್ನು ಮತ್ತೆ. ಮನೆಗೊಂದಾಳು ಬತ್ತೀವಿ. ಎಂಟು ದಿನ ಊಳೆತ್ತೀವಿ. ಮೊದ್ಲಿಂದ್ಲೂ ಅಂಗೇ ಮಾಡ್ಕೊಂಡು ಬಂದಿರಾದು. ನೀರು ಬುಡೋ ತೂಬು ಒಡ್ದೋಗದೆ, ಕೆರೇಲಿ ನೀರೇ ನಿಲ್ಲಕಿಲ್ಲ. ಅದೊಂದು ನಮ್ ಕೈಲಾಗಕಿಲ್ಲ, ನೀವು ಕಟ್ಟಿಸ್ಕೊಡಿ. ಬರ್ಕೊ.”

ಊರಿಗೆ ಊರೇ ಇದನ್ನೇ ಹೇಳಿತು. ಟ್ಯಾಬಿನಲ್ಲಿ ಆಳು ಬರೆಯಲು ಜಾಗವಿಲ್ಲ, ರೂಪಾಯಿ ಮಾತ್ರ. ಸಾಹೇಬರಿಗೆ ಫೋನು ಮಾಡಿದೆ. “ಅದೆಲ್ಲ ಭಾವನೆ ಕಣ್ರೀ, ಡೇಟಾ ಅಲ್ಲ. ಸೊನ್ನೆ ಹಾಕಿ ಮುಂದಕ್ಕೆ ಹೋಗಿ” ಅಂದರು. ಎಂಟು ದಿನ ಬಿಸಿಲಲ್ಲಿ ಬೆನ್ನು ಬಗ್ಗಿಸುವುದು ಭಾವನೆಯಂತೆ! ಥೂ. ಹಾಕಿದೆ, ಮನೆಮನೆಗೂ ಸೊನ್ನೆ.

ಫಲಿತಾಂಶದ ಸಭೆ ಕೆ.ಆರ್.ಎಸ್. ಬಳಿಯ ಹೋಟೆಲೊಂದರಲ್ಲಿ ನಡೆಯಿತು. ಗೆದ್ದದ್ದು ಶ್ರೀರಂಗಪಟ್ಟಣದ ಕಡೆಯ ಒಂದು ಕೊಳ. ಸುತ್ತಲಿನ ಲಾಡ್ಜಿನವರು ದೋಣಿ ಬಿಡುವ ಆಸೆಗೆ ಬಾಯಿಗೆ ಬಂದ ಮೊತ್ತ ಹೇಳಿದ್ದರು. ಹೇಳುವುದಕ್ಕೇನು, ಯಾರೂ ಕೈಯಿಂದ ಬಿಚ್ಚಬೇಕಾಗಿರಲಿಲ್ಲ. ಅಜ್ಜಿಯ ಕೆರೆಯ ಹೆಸರಿನ ಎದುರು ‘ಸ್ಥಳೀಯರಿಗೆ ಆಸಕ್ತಿಯಿಲ್ಲ’ ಎಂದಿತ್ತು. ಪಟ್ಟಿಯಿಂದ ತೆಗೆದರು. “ಯಾರದಾದರೂ ಪ್ರಶ್ನೆಗಳಿವೆಯೇ?” ಎಂದು ಸಾಹೇಬರು ಕೇಳಿದಾಗ, ಮುಂದಿನ ರಜೆಯ ಕೆಲಸ ನೆನೆದು ನಾನು ಬಾಯಿಗೆ ಬೋಂಡ ತುರುಕಿಕೊಂಡೆ. ಸಾಹೇಬರು ಕೆರೆ ಕಂಡವರಲ್ಲ, ಬಿಡಿ. ನಾನು ಕೆರೆಯ ಕೆಳಗಿನ ಗದ್ದೆಯ ಅನ್ನ ಉಂಡು ಬೆಳೆದವನು. ಇಬ್ಬರಲ್ಲಿ ಯಾರು ಹೆಚ್ಚು ಹೇಸಿಗೆ ಎಂದು ತಿಳಿಯಲು ಯಾವ ಸರ್ವೆಯೂ ಬೇಕಾಗಿಲ್ಲ.

ಮಳೆಗಾಲ ಮುಗಿದ ಮೇಲೆ ಆ ಅಜ್ಜಿಯ ಊರಿನ ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅಷ್ಟು ಮಳೆ ಬಿದ್ದರೂ ಕೆರೆ ಖಾಲಿ. ಬಂದ ನೀರೆಲ್ಲ ಒಡೆದ ತೂಬಿನಲ್ಲಿ ಹರಿದುಹೋಗಿತ್ತು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅಜ್ಜಿ ನನ್ನ ಗುರುತು ಹಿಡಿದರು.

“ಅವತ್ತು ನಾನೇಳಿದ್ದ ಬರ್ಕೊಂಡೆ ತಾನೆ ಮಗ, ಮನೆಗೊಂದಾಳು ಅಂತ?”

“ಬರ್ಕೊಂಡಿದ್ದೀನಿ ಅಜ್ಜಿ.”

“ಅಂಗಾರೆ ಬತ್ತಾರೆ ಬುಡು” ಅಂದರು. ಆಮೇಲೆ ಕೆರೆಯ ಕಡೆ ಕೈ ತೋರಿಸಿದರು. “ನೀನು ಬಂದೋದ್ಮೇಲೆ ನಾವು ಎಂಟಲ್ಲ, ಅದ್ನೈದು ದಿನ ಊಳೆತ್ತಿದ್ವಿ. ತೂಬು ಕಟ್ಟಕ್ಕೆ ಬಂದೋರು, ಈ ಊರೋರು ಮಾತಿಗೆ ತಪ್ಪುದ್ರು ಅನ್ನಬಾರ್ದಲ್ಲಪ್ಪ.”