ಬ್ರೇಕ್ ದೀಪದ ಮೇಲೊಂದು ಹುಲಿ

ನಮ್ಮ ಹಳೆಯ ವ್ಯಾನಿನಲ್ಲಿ ಎಬಿಎಸ್ ಎಂಬ ಬ್ರೇಕಿನ ಹಳದಿ ದೀಪವೊಂದು ವಾರದಿಂದ ಬಂದು ಹೋಗಿ ಮಾಡುತ್ತಿದೆ. ಮೆಕ್ಯಾನಿಕ್ಕನ ಮುಂದೆ ನಿಲ್ಲಿಸಿದರೆ ಮಾತ್ರ ನೆಂಟರ ಮನೆಗೆ ಹೋದ ತುಂಟ ಮಗುವಿನ ಹಾಗೆ ತೆಪ್ಪಗಿರುತ್ತದೆ. ಇಂದು ಬೆಳಿಗ್ಗೆ ಅದು ಮತ್ತೆ ಹತ್ತಿದಾಗ, ನಿಮಗೆ ಹೇಳಲು ನಾಚಿಕೆಯೇನು, ಅದರ ಮೇಲೆ ಅಂಟಿಸಲು ಏನಾದರೂ ಸಿಕ್ಕೀತೇ ಎಂದು ನನ್ನ ಕೈ ಹುಡುಕಿತು. ಹುಟ್ಟುಗುಣ ಸುಟ್ಟರೂ ಹೋಗದು.

ತೊಂಬತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ವಾಸ ಚಾಮರಾಜನಗರದ ಸೋದರಮಾವನ ಮನೆಯಲ್ಲಿ. ಮಾವನ ಬಾಡಿಗೆ ವ್ಯಾನಿನಲ್ಲೇ ದಿನವೂ ಹೋಗಿಬರುತ್ತಿದ್ದೆ. ಗುಂಡ್ಲುಪೇಟೆಯಲ್ಲಿ ಹೂವು ಮಾರುತ್ತಿದ್ದ ಅತ್ತೆ, ಮಾವನ ಪಕ್ಕದ ಸೀಟಿನಲ್ಲಿ ಮಡಿಲ ತುಂಬ ಕನಕಾಂಬರ ಹಾಕಿಕೊಂಡು ಕೂರುತ್ತಿದ್ದಳು. ಹೂ ಕಟ್ಟುವುದನ್ನು ಬೆರಳುಗಳೇ ನೋಡಿಕೊಳ್ಳುತ್ತಿದ್ದವು. ಕಣ್ಣಿಗೆ ಬೇರೆ ಕೆಲಸವಿಲ್ಲದೆ ಅವಳು ಎದುರಿಗಿದ್ದುದನ್ನೆಲ್ಲ ನೋಡುತ್ತಿದ್ದಳು. ಡೀಸೆಲ್ಲಿನ ವಾಸನೆಯ ಜೊತೆ ಹಸಿ ಬಾಳೆನಾರಿನ ವಾಸನೆ ಬೆರೆತ ಆ ಪ್ರಯಾಣ ನನಗೆ ಬಹಳ ಇಷ್ಟವಾಗಿತ್ತು.

ಒಂದು ದಿನ ಬ್ರೇಕಿನ ಕೆಂಪು ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ತೆರಕಣಾಂಬಿಯ ಹತ್ತಿರ ಮುದುಕನೊಬ್ಬ ಅದನ್ನು ಕಂಡು, “ನಿಲ್ಸಪ್ಪಾ ನಿಲ್ಸು, ನಾನು ನಡ್ಕಂಡೇ ಓಯ್ತೀನಿ” ಎಂದು ಇಳಿದೇಬಿಟ್ಟ. ಗುಂಡ್ಲುಪೇಟೆಯ ಮೆಕ್ಯಾನಿಕ್ ಬಾಲಣ್ಣ ನಿಂತ ಗಾಡಿಯಲ್ಲಿ ದೀಪ ಹತ್ತುವುದನ್ನು ಕಾದು ಸೋತ. “ಬಂದಾಗ ತಗೊಂಡ್ ಬನ್ನಿ” ಎಂದ. ಅದು ಬಂದಾಗ ನಾವು ದಾರಿಯ ಮಧ್ಯೆ ಇರುತ್ತಿದ್ದೆವಲ್ಲ!

ಆಗ ವಿಜ್ಞಾನದ ಮೇಷ್ಟ್ರಿಗೆ ಬುದ್ಧಿ ಓಡಿತು. ಬಸ್‌ಸ್ಟ್ಯಾಂಡಿನಲ್ಲಿ ಹುಲಿ ಏರಿದ ಮಾದಪ್ಪನ ಸ್ಟಿಕರ್ ಕೊಂಡು ದೀಪದ ಮೇಲೆ ಅಂಟಿಸಿದೆ. ಹುಲಿಯ ಮುಖ ಸರಿಯಾಗಿ ದೀಪದ ಮೇಲೆಯೇ ಬಂತು. ಮರುದಿನದಿಂದ ದೀಪ ಹತ್ತಿದಾಗಲೆಲ್ಲ ಅದರ ಕಣ್ಣು ಕೆಂಪಗೆ ಬೆಳಗತೊಡಗಿತು. “ಹುಲಿ ಕಣ್ ಬುಡ್ತದೆ ಕಣ್ಲಾ!” ಎಂದು ಜನ ಕೈಮುಗಿದರು. ಇಳಿಯುವವರ ಮಾತಿರಲಿ, ಇದನ್ನು ನೋಡಲೆಂದೇ ಹತ್ತುವವರು ಹೆಚ್ಚಾದರು. ನಾನು ಬೀಗಿದೆ.

ಅತ್ತೆ ಮಾತ್ರ ಕೈಮುಗಿಯಲಿಲ್ಲ. “ಎಡಕ್ಕೆ ತಿರುಗ್ದಾಗ್ಲೇ ಕಣ್ ಬುಡ್ತದೆ ಕಣಪ್ಪ, ಬಲಕ್ಕೆ ತಿರುಗುದ್ರೆ ಬುಡಕಿಲ್ಲ” ಎಂದಳು.

“ಹುಲಿಗೆ ಎಡ ಯಾವುದು ಬಲ ಯಾವುದು ಅತ್ತೆ?” ಎಂದು ನಾನು ನಕ್ಕೆ. ಮಾವನೂ ನಕ್ಕ.

ಆ ವಾರ ಒಂದು ದೊಡ್ಡ ಬಾಡಿಗೆ ಸಿಕ್ಕಿತು. ಚಂದಕವಾಡಿಯ ಹೆಣ್ಣಿನ ಕಡೆಯವರು ಹದಿನಾಲ್ಕು ಜನ. ಪುಣಜನೂರು ದಾಟಿ, ಘಾಟಿ ಇಳಿದು ಮದುವೆಗೆ ಸತ್ಯಮಂಗಲಕ್ಕೆ ಹೋಗಬೇಕು. ಹಿಂದಿನ ಸಂಜೆ ಟೈರು ನೋಡಿಸಲು ಬಾಲಣ್ಣನಲ್ಲಿಗೆ ಹೋದೆವು. ಅತ್ತೆ ಹೂವಿನ ಬುಟ್ಟಿ ಕೆಳಗಿಟ್ಟು ಹುಲಿಯ ವಿಷಯವನ್ನು ಅವನಿಗೇ ಹೇಳಿದಳು. ಅವನ ಕೈಯ ಸ್ಪ್ಯಾನರು ನಿಂತಿತು.

“ಎಡಕ್ಕೆ ಮಾತ್ರಾನಾ ಅಮ್ಮಾ?”

ಬ್ರೇಕ್ ಆಯಿಲಿನ ಡಬ್ಬಿ ತೆರೆದ. ಆಯಿಲು ಇದಕ್ಕಿಂತ ಇಳಿಯಬಾರದೆಂಬ ಗುರುತಿನ ಅಂಚಿನಲ್ಲಿತ್ತು. ಗಾಡಿ ಎಡಕ್ಕೆ ತಿರುಗಿದರೆ ಅದು ಬಲಕ್ಕೆ ವಾಲಿ ದೀಪ ಹತ್ತುತ್ತಿತ್ತು. ಹಾಗಾದರೆ ಆಯಿಲು ಹೋಗುತ್ತಿರುವುದು ಎಲ್ಲಿಗೆ? ಬಾಲಣ್ಣ ಗಾಡಿಯ ಕೆಳಗೆ ತೆವಳಿ, ಹಿಂದಿನ ಚಕ್ರದ ಒಳಬದಿ ಸವರಿ ಒದ್ದೆ ಬೆರಳು ತೋರಿಸಿದ. ಆಯಿಲು ತಡೆಯುವ ಒಳಗಿನ ರಬ್ಬರ್ ಹರಿದಿತ್ತು.

“ನಾಳೆ ಘಾಟೀಲಿ ಪೂರಾ ಖಾಲಿ ಆಗೋದು” ಎಂದ.

ಮಾವ ನೆಲದ ಮೇಲಿದ್ದ ಟೈರಿನ ಮೇಲೆ ಕುಸಿದು ಕೂತ. “ಅದಿನಾಕು ಜನ ಕಣ್ಲಾ” ಎಂದಷ್ಟೇ ಹೇಳಿದ.

ಅತ್ತೆ ಸ್ಟಿಕರಿನ ಕಡೆ ನೋಡಿ, “ಹುಲಿ ಕಣ್ ಬುಡ್ತು ಅಂತ ಎಲ್ರೂ ಕೈ ಮುಗುದ್ರಿ. ಯಾಕ್ ಬುಡ್ತು ಅಂತ ಒಬ್ರೂ ಕೇಳ್ನಿಲ್ವಲ್ಲ” ಎಂದಳು.

ರಬ್ಬರ್ ಬದಲಾಯಿಸಿಕೊಂಡು ಮರುದಿನ ಅತ್ತೆಯೂ ಸೇರಿ ಎಲ್ಲರೂ ಘಾಟಿಯನ್ನು ಸುಖವಾಗಿ ಇಳಿದೆವು. ಪಾಯಸದ ಪಂಕ್ತಿಯಲ್ಲಿ, ಬ್ರೇಕಿನ ಸುದ್ದಿ ಕೇಳಿದ್ದ ಹೆಣ್ಣಿನ ತಂದೆ ನನ್ನ ಬೆನ್ನು ತಟ್ಟಿ, “ಮೇಷ್ಟ್ರು ಇದ್ದುದ್ಕೆ ನಾವ್ ಉಳ್ಕಂಡೋ” ಎಂದರು. ನಾನು ಅವರಿಗೆ ಬ್ರೇಕ್ ಆಯಿಲಿನ ತತ್ವವನ್ನು ವಿವರವಾಗಿ ಹೇಳಿದೆ. ಅತ್ತೆಯ ಹೆಸರು ಹೇಳಲಿಲ್ಲ. ಎದುರು ಸಾಲಿನಲ್ಲಿ ಕೂತಿದ್ದ ಅವಳು ನನ್ನನ್ನು ನೋಡಿ ನಕ್ಕು ಪಾಯಸ ಉಂಡಳು. ಆ ನಗೆಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಇಂದಿಗೂ ಚುಚ್ಚುತ್ತದೆ. ಅತ್ತೆ ಈಗಿಲ್ಲ.

ಇಂದು ಬೆಳಿಗ್ಗೆ ಗಾಡಿಯನ್ನು ಬದಿಗೆ ನಿಲ್ಲಿಸಿ ಪಕ್ಕದಲ್ಲಿದ್ದ ಹೆಂಡತಿಯನ್ನು ಕೇಳಿದೆ: “ಈ ದೀಪ ಯಾವಾಗ ಹತ್ತತ್ತೆ, ನೋಡಿದ್ದೀಯಾ?”

“ಸ್ಟೇರಿಂಗ್ ಪೂರಾ ಬಲಕ್ಕೆ ತಿರುಗಿಸಿದ ಮೇಲೆ. ಎರಡು ಸಲ ಹೇಳಿದೆ, ನೀವು ಹೂಂ ಅಂದ್ರಿ.”

ಅದನ್ನೇ ಮೆಕ್ಯಾನಿಕ್ಕನಿಗೆ ಹೇಳಿದೆ. ಅವನು ನೇರವಾಗಿ ಮುಂದಿನ ಚಕ್ರಕ್ಕೆ ಕೈಹಾಕಿ, ಸೆನ್ಸರಿನ ಸವೆದ ವೈರು ಹಿಡಿದು ಎದ್ದ. “ಚೆನ್ನಾಗಿ ಗಮನಿಸಿದ್ದೀರಿ ಸರ್” ಎಂದ.

ಸುಮ್ಮನಿದ್ದುಬಿಡೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ.

“ನಾನಲ್ಲಪ್ಪ” ಎಂದು ಹೆಂಡತಿಯ ಕಡೆ ತಿರುಗಿದೆ. “ಇವರು.”