ಪರಂಗಿಗೆ ಗಾಜಿನ ಲೋಟ

ಸ್ನೇಹಿತರೇ, ಇವತ್ತು ಗೆಳೆಯ ಜವರಪ್ಪನ ಜೊತೆ ಶ್ರೀರಂಗಪಟ್ಟಣದ ಕೋಟೆ ಬಾಗಿಲಲ್ಲಿ, ಎಸ್‌ಟಿಡಿ ಬೂತ್ ಪಕ್ಕದ ಹೋಟೆಲಿಗೆ ಹೋಗಿದ್ದೆ. ತೊನ್ನು ಹರಡಿ ಅವನ ಮೈಯೆಲ್ಲ ಬೆಳ್ಳಗಾಗಿದೆ. ಮಾಲೀಕ ಓಡಿ ಬಂದು ಕುರ್ಚಿ ಒರೆಸಿದ. "ಲೇ, ಪರಂಗಿ ಬಂದವ್ನೆ, ಒಸ ಗಾಜಿನ ಲೋಟ ತೊಳ್ದು ಕೊಡ್ಲಾ" ಎಂದು ಒಳಗೆ ಕೂಗಿದ.

ಯುರೋಪಿನ ಫ್ರಾಂಕರೆಂಬ ಜನರ ಹೆಸರು ಅರಬರ ಬಾಯಿ ದಾಟಿ ಫರಂಗಿಯಾಗಿ, ನಮ್ಮಲ್ಲಿಗೆ ಬಂದು ಪರಂಗಿಯಾಯಿತು. ಈ ಕೋಟೆ ಒಡೆದ ಇಂಗ್ಲಿಷರನ್ನು ನಮ್ಮಜ್ಜಿ ಹಾಗೆ ಕರೆದು, ಕರೆದ ಮೇಲೆ ಉಗಿಯುತ್ತಿದ್ದಳು. ಈಗ ಅದೇ ಮಾತಿಗೆ ಕುರ್ಚಿ ಒರೆಸುತ್ತಾರೆ. ಪ್ರಗತಿ ಅಂದರೆ ಇದೇ ಇರಬೇಕು.

"ನಾನ್ಯಾವ ಪರಂಗಿ, ಕಿಕ್ಕೇರಿಯೋನು ಕಣಪ್ಪ" ಎಂದ ಜವರಪ್ಪ.

ಮಾಲೀಕ ಅವನ ಕೈಗಳನ್ನು ದಿಟ್ಟಿಸಿ ನೋಡಿದ. ಗಾಜಿನ ಲೋಟ ಒಳಗೆ ಹೋಯಿತು, ಪ್ಲಾಸ್ಟಿಕ್ ಲೋಟ ಹೊರಗೆ ಬಂತು. "ತಪ್ಪು ತಿಳ್ಕಬ್ಯಾಡಿ, ಆಚೆ ನಿಂತ್ಕಂಡು ಕುಡೀರಿ. ಗಿರಾಕಿಗಳು ಎದ್ದೋಯ್ತಾರೆ."

ತೊನ್ನು ಅಂಟುವ ಕಾಯಿಲೆಯಲ್ಲವೆಂದು ನಾನು ಜಗಳಕ್ಕೆ ನಿಂತೆ. ಜವರಪ್ಪ ನನ್ನ ತೋಳು ಹಿಡಿದೆಳೆದ. "ಬುಡ್ಲಾ, ಟೀ ಇನ್ನೊಂದ್ಕಡೆ ಸಿಗ್ತದೆ."

ಮುಂದಿನ ಹೋಟೆಲಿನಲ್ಲೂ ಕುರ್ಚಿ ಒರೆಸಿದರು. ಈ ಸಲ ಜವರಪ್ಪ ಬಾಯಿ ಬಿಡಲಿಲ್ಲ. ಅವನಿಗೆ ಹೊಸ ಗಾಜಿನ ಲೋಟದಲ್ಲಿ ಟೀ ಬಂತು. ಇದೇ ಊರಿನವನಾದ ನನಗೆ, ಅಂಚು ಒಡೆದದ್ದರಲ್ಲಿ.